ನನ್ನ ಪೋಕರ್ ಗ್ರಾಫ್ ಏರಿದ ಬಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದಿದೆ. ಬಂದು ಮೂರು ವಾರವಾಯಿತು, ಇನ್ನೂ ಹೋಗಿಲ್ಲ. ಯಾರ ಮೇಲೆ ಎಂದು ಕೇಳಿದರೆ ಒಂದು ಪಟ್ಟಿಯೇ ಇದೆ. ಅದು ಡಲ್ಲಾಸ್ ಬಳಿಯ ಯೂಲೆಸ್ಸಿನಲ್ಲಿರುವ ದೊಡ್ಡಣ್ಣ ಎಂಬುವವನಿಂದ ಶುರುವಾಗಿ ಹ್ಯೂಸ್ಟನ್ ಪಕ್ಕದ ಫುಲ್‌ಶೀರಿನ ನನ್ನ ಸ್ವಂತ ಮನೆಯಲ್ಲಿ ಮುಗಿಯುತ್ತದೆ.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ಹನ್ನೊಂದು ಕನ್ನಡಿಗರು ಸೇರಿ ಒಂದು ಪೋಕರ್ ಬಳಗ ಕಟ್ಟಿಕೊಂಡಿದ್ದೇವೆ. ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅವರವರ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು ಆನ್‌ಲೈನ್ ಆಟ. ದುಡ್ಡು ಕಟ್ಟುವುದಿಲ್ಲ (ಕಟ್ಟಿದ್ದರೆ ನನ್ನ ಹೆಂಡತಿ ಸರೋಜಾ ನನ್ನನ್ನೇ ಕಟ್ಟಿಹಾಕುತ್ತಿದ್ದಳು). ಬರೀ ಬಣ್ಣದ ಚಿಪ್ಪುಗಳು, ಅವೂ ಪರದೆಯ ಮೇಲೆ. ಗೆದ್ದವನಿಗೂ ಚಿಪ್ಪೇ, ಸೋತವನ ಕೈಗೂ ಚಿಪ್ಪೇ. ಆದರೆ ಮಾನ ಅನ್ನುವುದೊಂದು ಇದೆಯಲ್ಲ, ಅದು ಪರದೆಯ ಮೇಲಿನ ವಸ್ತುವಲ್ಲ.

ಎರಡು ವರ್ಷಗಳಿಂದ ನನ್ನ ಮಾನವನ್ನು ವಾರಕ್ಕೊಮ್ಮೆ ತೆಗೆಯುತ್ತಿದ್ದವನು ಬಳಗದ ಅಧ್ಯಕ್ಷ ದೊಡ್ಡಣ್ಣ. ಗೆದ್ದು ಸುಮ್ಮನಿದ್ದರೆ ಸಹಿಸಬಹುದಿತ್ತು. ನನ್ನ ಕೊನೆಯ ಚಿಪ್ಪು ಅವನ ರಾಶಿಗೆ ಸೇರಿದ ಕೂಡಲೇ ಚಾಟ್ ಬಾಕ್ಸಿನಲ್ಲಿ ಎರಡೇ ಅಕ್ಷರ ಟೈಪ್ ಮಾಡುತ್ತಿದ್ದ: “ಪಾಪ.”

ಬೈಗುಳಕ್ಕೆ ಉತ್ತರ ಕೊಡಬಹುದು. “ಪಾಪ” ಎಂಬುದಕ್ಕೆ ಏನು ಉತ್ತರ ಕೊಡುತ್ತೀರಿ? ಆ ಶನಿವಾರಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. “ನನಗೆ ಹಸಿವಿಲ್ಲ” ಎಂದು ಕುರ್ಚಿಯನ್ನು ಸದ್ದಾಗುವಂತೆ ಎಳೆದು ಎದ್ದುಹೋಗುತ್ತಿದ್ದೆ.

“ಬಿಸಿಬೇಳೆಬಾತ್ ಏನ್ ತಪ್ಪು ಮಾಡ್ತು?” ಎನ್ನುತ್ತಿದ್ದಳು ಸರೋಜಾ. “ಅವ್ರ ಮೇಲಿನ ಸಿಟ್ಟನ್ನ ನನ್ನ ಅಡುಗೆ ಮೇಲೆ ತೀರಿಸ್ಕೋತೀರಲ್ಲ.”

ವೃತ್ತಿಯಿಂದ ನಾನು ದತ್ತಾಂಶ ವಿಶ್ಲೇಷಕ. ಅಂದರೆ ಒಂದು ಕಂಪನಿಯ ರಾಶಿ ರಾಶಿ ಅಂಕಿ-ಅಂಶಗಳನ್ನು ಜರಡಿ ಹಿಡಿದು, ಅದರ ಯಜಮಾನರಿಗೆ ಇಷ್ಟವಾಗುವಂಥ ಗ್ರಾಫ್ ಬಿಡಿಸಿಕೊಡುವವನು. ಇಂಥವನು ಊಹೆಯ ಮೇಲೆ ಪೋಕರ್ ಆಡುವುದೇ? ಆಗಸ್ಟಿನಲ್ಲಿ ನನಗೆ ಜ್ಞಾನೋದಯವಾಯಿತು. ಪೋಕರ್ ಆಟವನ್ನು ಹಿಂಬಾಲಿಸುವ ಒಂದು ಟ್ರ್ಯಾಕಿಂಗ್ ಸಾಫ್ಟ್‌ವೇರ್‌ಗೆ ವರ್ಷದ ಚಂದಾದಾರನಾದೆ. ನಾವು ಆಡಿದ ಒಂದೊಂದು ಆಟವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಯಾರು ನೂರರಲ್ಲಿ ಎಷ್ಟು ಆಟಕ್ಕೆ ಇಳಿಯುತ್ತಾರೆ, ಎಷ್ಟು ಸಲ ಪಣ ಏರಿಸುತ್ತಾರೆ, ಎಷ್ಟು ಸಲ ಹೆದರಿ ಎಲೆ ಬಿಡುತ್ತಾರೆ ಎಂಬುದನ್ನೆಲ್ಲ ಪರದೆಯ ಮೇಲೆ ಅವರವರ ಹೆಸರಿನ ಪಕ್ಕದಲ್ಲೇ ಬರೆದು ತೋರಿಸುತ್ತದೆ. ಬಳಗದ ನಿಯಮಕ್ಕೆ ಅಡ್ಡಿಯೇನೋ ಎಂದು ದೊಡ್ಡಣ್ಣನಿಗೇ ಫೋನ್ ಮಾಡಿದೆ.

“ಹಾಕ್ಕೊಳ್ರೀ ಮೋಹನರಾಜ, ಹಾಕ್ಕೊಳ್ರೀ,” ಎಂದ. “ಕನ್ನಡಕ ಹಾಕ್ಕೊಂಡ್ರ ಎಲಿ ಬದಲಾಗ್ತಾವೇನ್ರೀ?”

ಹಲ್ಲು ಕಚ್ಚಿ ಫೋನ್ ಇಟ್ಟೆ.

ಎರಡು ವಾರದ ನಂತರ ಸಾಫ್ಟ್‌ವೇರ್ ನನ್ನ ಮೊದಲ ವರದಿ ಒಪ್ಪಿಸಿತು. ನೂರರಲ್ಲಿ ಅರವತ್ತೆರಡು ಆಟಕ್ಕೆ ಇಳಿಯುತ್ತೀರಿ, ಏರಿಸುವುದು ಮೂರರಲ್ಲಿ ಮಾತ್ರ, ಬೇರೆಯವರು ಏರಿಸಿದರೆ ಹಿಂದೆಮುಂದೆ ನೋಡದೆ ‘ಕಾಲ್’ ಎಂದು ಅಷ್ಟನ್ನು ತೆತ್ತು ಕೂರುತ್ತೀರಿ ಎಂದಿತು. ಸಾಲದ್ದಕ್ಕೆ ನನ್ನ ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಟೆಲಿಫೋನ್ ಚಿತ್ರ ಅಂಟಿಸಿತು. ಕಾಫಿ ತಂದ ಸರೋಜಾ ಅದನ್ನು ನೋಡಿಬಿಟ್ಟಳು.

“ಇದೇನ್ರಿ ಫೋನು?”

“ಎಲ್ಲದಕ್ಕೂ ಕಾಲ್ ಅನ್ನೋನು ಅಂತ ಅರ್ಥ.”

“ಸುಳ್ಳು. ನಾನು ಮಾಡಿದ ಕಾಲ್ ಒಂದಾದ್ರೂ ಎತ್ತಿದೀರಾ?”

ಹಣ ತೆತ್ತು ಅವಮಾನ ಮಾಡಿಸಿಕೊಳ್ಳುವುದು ಹೀಗೆ ಆರಂಭವಾಯಿತು. ಆದರೆ ನಾನು ಛಲದಂಕಮಲ್ಲ. ವಾರದ ದಿನಗಳಲ್ಲಿ ಆಫೀಸಿನಿಂದ ಬಂದು ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ಅಭ್ಯಾಸದ ಟೇಬಲ್ಲಿನಲ್ಲಿ, ಗುರುತು ಪರಿಚಯವಿಲ್ಲದವರ ಜೊತೆ, ಸಾಫ್ಟ್‌ವೇರ್ ಹೇಳಿದಂತೆ ಆಡತೊಡಗಿದೆ. ಸೆಪ್ಟೆಂಬರಿನಲ್ಲಿ ಮೈಸೂರಿನಿಂದ ನಮ್ಮತ್ತೆ ವಿಜಯಮ್ಮನವರು ಬಂದಿಳಿದರು. ನನ್ನ ಕೋಣೆಯ ಪರದೆ ದೊಡ್ಡದೆಂದು ಮಧ್ಯಾಹ್ನದ ಹೊತ್ತು ಅಲ್ಲಿ ಧಾರಾವಾಹಿ ನೋಡಲು ಅವರಿಗೆ ಅನುಮತಿ ಸಿಕ್ಕಿತು (ಕೊಟ್ಟವಳು ಸರೋಜಾ). ಸಂಜೆ ನಾನು ಆಡಲು ಕುಳಿತರೆ ಅವರು ಕುರ್ಚಿ ಬಿಟ್ಟುಕೊಟ್ಟು ಹಿಂದೆ ನಿಲ್ಲುತ್ತಿದ್ದರು.

“ಆ ಎಲೆ ಇಟ್ಕೊಂಡು ಯಾಕೆ ಆಡ್ತೀರಿ? ಬಿಟ್ಬಿಡಬಾರ್ದೇ?”

“ಅತ್ತೆ, ಇದು ವಿಜ್ಞಾನ. ನಿಮಗೆ ಅರ್ಥವಾಗಲ್ಲ.”

“ಹೌದೇನೋಪ್ಪ,” ಎಂದು ಅವರು ಕೆಳಗೆ ಹೋಗುತ್ತಿದ್ದರು. ನಾನು ಆ ಎಲೆಯನ್ನೇ ಆಡಿ ಸೋಲುತ್ತಿದ್ದೆ. ಅವರು ಬಾಯಿ ಹಾಕಿದ್ದಕ್ಕೇ ಸೋತದ್ದು ಎಂದು ಇನ್ನಷ್ಟು ಉರಿಯುತ್ತಿತ್ತು.

ಹೀಗಿರುವಾಗ ಪವಾಡ ನಡೆಯಿತು. ಅಕ್ಟೋಬರಿನಲ್ಲಿ ನನ್ನ ಗ್ರಾಫಿನ ಗೆರೆ ಪಾತಾಳದಿಂದ ಎದ್ದಿತು. ನವೆಂಬರಿನಲ್ಲಿ ನೆಟ್ಟಗಾಯಿತು. ಡಿಸೆಂಬರಿನಲ್ಲಿ ಚಾಮುಂಡಿಬೆಟ್ಟದ ಮೆಟ್ಟಿಲಿನ ಹಾಗೆ ಏರತೊಡಗಿತು. ಶನಿವಾರ ಮಾತ್ರ ದೊಡ್ಡಣ್ಣನೇ ಗೆಲ್ಲುತ್ತಿದ್ದ, ನಿಜ. ಸಂಜೆಯ ಅಭ್ಯಾಸದಲ್ಲೂ ನಾನು ಗೆದ್ದ ನೆನಪು ಅಷ್ಟಾಗಿ ಇರಲಿಲ್ಲ. ಆದರೆ ನೆನಪು ಮೋಸ ಮಾಡುತ್ತದೆ, ದತ್ತಾಂಶ ಮಾಡುವುದಿಲ್ಲ! ಗೆರೆ ಮೇಲೆ ಹೋಗುತ್ತಿರುವಾಗ ಯಾಕೆ ಹೋಗುತ್ತಿದೆ ಎಂದು ಕೇಳುವ ಪದ್ಧತಿ ನಮ್ಮ ಆಫೀಸಿನಲ್ಲೂ ಇಲ್ಲ.

ಜನವರಿಯಲ್ಲಿ ಆಸ್ಟಿನ್‌ನಲ್ಲಿ ಬಳಗದ ವಾರ್ಷಿಕ ಕೂಟ. ನಾನೇ ಮೇಲೆ ಬಿದ್ದು ಒಂದು ಉಪನ್ಯಾಸ ಇಟ್ಟುಕೊಂಡೆ: ‘ದತ್ತಾಂಶದಿಂದ ದಿಗ್ವಿಜಯ’. ಹನ್ನೊಂದೂ ಸಂಸಾರಗಳು ಸೇರಿದ್ದ ಬಾಡಿಗೆ ಹಾಲಿನಲ್ಲಿ ಪುಳಿಯೋಗರೆಯ ಘಮದ ನಡುವೆ ನಿಂತು ಗಂಟಲು ಸರಿಮಾಡಿಕೊಂಡೆ. ಹದಿನಾಲ್ಕು ವರ್ಷದ ಮಗಳು ಪ್ರಗತಿ ಲ್ಯಾಪ್‌ಟಾಪ್ ಹಿಡಿದು ಕುಳಿತಳು. ಗೋಡೆಯ ಮೇಲೆ ನನ್ನ ಗ್ರಾಫ್ ಮೂಡಿತು. ಚಪ್ಪಾಳೆ ಬಿತ್ತು. “ಕೆಲವರು ಅದೃಷ್ಟದಿಂದ ಗೆಲ್ಲುತ್ತಾರೆ,” ಎಂದು ದೊಡ್ಡಣ್ಣನ ಕಡೆ ನೋಡಿ ಹೇಳಿದೆ. “ಕೆಲವರು ಆತ್ಮಶೋಧನೆಯಿಂದ.”

ದೊಡ್ಡಣ್ಣ ಕೈ ಎತ್ತಿದ. “ಭಾಳ ಚಂದ ಐತ್ರೀ. ಒಂದ್ ಪ್ರಶ್ನಿ. ಶನಿವಾರ ನೀವು ಗೆದ್ದದ್ದು ನಾ ನೋಡೇ ಇಲ್ಲ. ಮತ್ತ ಯಾವ ಹೊತ್ತಿನ್ಯಾಗ ಗೆಲ್ತೀರಿ?”

“ಅದನ್ನೂ ತೋರಿಸುತ್ತೆ ನಮ್ಮ ಸಾಫ್ಟ್‌ವೇರ್!” ಎಂದೆ ಗತ್ತಿನಿಂದ. “ಪ್ರಗತಿ, ಹೊತ್ತಿನ ಪ್ರಕಾರ ವಿಂಗಡಿಸು.”

“ಆರ್ ಯೂ ಶೂರ್, ಅಪ್ಪಾ?”

“ಹೇಳಿದಷ್ಟು ಮಾಡು!”

ಮಾಡಿದಳು. ಒಂದು ಗೆರೆ ಇದ್ದಲ್ಲಿ ಮೂರಾದವು. ಶನಿವಾರದ ಗೆರೆ ಕೆಳಗೆ. ವಾರದ ದಿನಗಳ ಸಂಜೆಯ ಗೆರೆ ಇನ್ನೂ ಕೆಳಗೆ, ಗೋಡೆಯಿಂದ ಇಳಿದು ಪುಳಿಯೋಗರೆ ಪಾತ್ರೆಗೆ ಬೀಳುವಷ್ಟು. ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನ ಒಂದರಿಂದ ಮೂರು ಗಂಟೆಯ ಗೆರೆಯೊಂದೇ ಆಕಾಶಕ್ಕೆ.

ಎಲ್ಲರೂ ಗೋಡೆಯತ್ತ ಕತ್ತು ಚಾಚಿದರು.

“ಆ ಹೊತ್ತಿನ್ಯಾಗ ನೀವು ಆಫೀಸಿನ್ಯಾಗ ಇರ್ತೀರಲ್ರೀ?” ಎಂದ ದೊಡ್ಡಣ್ಣ.

ಸರೋಜಾ ಎದ್ದು ನಿಂತಳು. “ಮಧ್ಯಾಹ್ನ ಫೋನ್ ಮಾಡಿದ್ರೆ ಮೀಟಿಂಗು, ಮೀಟಿಂಗು ಅಂತ ಕಟ್ ಮಾಡ್ತೀರಲ್ಲ, ಇದೇನಾ ಆ ಮೀಟಿಂಗು?”

“ಅಯ್ಯೋ, ದೇವರಾಣೆ ನಾನು ಆಫೀಸಿನಲ್ಲಿ ಆಡೇ ಇಲ್ಲ!”

“ಹಾಗಾದ್ರೆ ಗೆದ್ದಿದ್ದು ಯಾರು?”

ಹೆಂಡತಿಯ ಮುಂದೆ ಕೆಲಸಗಳ್ಳನಾಗಬೇಕು, ಇಲ್ಲವೇ ಊರಿನ ಮುಂದೆ ದಡ್ಡನಾಗಬೇಕು. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುವುದೆಂದು ಬೆವರುತ್ತ ನಿಂತಿದ್ದಾಗ ಕೊನೆಯ ಸಾಲಿನಿಂದ, ಕಿತ್ತಳೆ ಸುಲಿಯುತ್ತಿದ್ದ ವಿಜಯಮ್ಮನವರ ದನಿ ಕೇಳಿಸಿತು.

“ಅವರನ್ನ ಬೈಬೇಡ ಸರೋಜಾ. ಅದು ನಾನು.”

ಇಪ್ಪತ್ತೆಂಟು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು.

“ಧಾರಾವಾಹಿ ಮಧ್ಯೆ ಜಾಹೀರಾತು ಹಾಕ್ತಾರಲ್ಲ, ಆವಾಗ ಇವರು ತೆರೆದಿಟ್ಟ ಟೇಬಲ್ಲಿನಲ್ಲೇ ಆಡ್ತಿದ್ದೆ,” ಎಂದರು ಅವರು, ಒಂದು ತೊಳೆಯನ್ನು ಪಕ್ಕದ ಮಗುವಿಗೆ ಕೊಡುತ್ತ. “ಎಲೆ ಚೆನ್ನಾಗಿಲ್ದಿದ್ರೆ ಬಿಟ್ಟು ಧಾರಾವಾಹಿ ನೋಡೋದು. ಚೆನ್ನಾಗಿದ್ರೆ ಜಾಸ್ತಿ ಹಾಕೋದು. ಅಷ್ಟೇ.”

“ಮತ್ತ ಯಾರಿಗೂ ಯಾಕ ಹೇಳ್ಲಿಲ್ರೀ ಅಮ್ಮಾ?” ದೊಡ್ಡಣ್ಣನ ಕಣ್ಣು ಅರಳಿತ್ತು.

“ಹೇಳೋದೇನು? ಚಿಪ್ಪು ಕಡಿಮೆಯಾದ ದಿನ ಇವರು ಊಟ ಬಿಟ್ಟು ಏಳ್ತಿದ್ರು. ನನ್ನ ಮಗಳು ಮಾಡಿದ್ದೆಲ್ಲ ದಂಡ. ಅದಕ್ಕೇ ಸ್ವಲ್ಪ ತುಂಬಿಸಿ ಇಡ್ತಿದ್ದೆ. ಗೆರೆ ಮೇಲೆ ಹೋದ ದಿನ ಎರಡು ಸಲ ಸಾರು ಹಾಕಿಸ್ಕೋತಿದ್ರು, ಪಾಪ.”

ಆ ಎರಡಕ್ಷರ ಅವರ ಬಾಯಿಂದ! ಹಾಲಿಗೆ ಹಾಲೇ ನಕ್ಕಿತು. ನನ್ನ ಮಗಳು ಲ್ಯಾಪ್‌ಟಾಪಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಸರೋಜಾ ಮೊದಲು ನಕ್ಕಳು, ಆಮೇಲೆ ಹೋಗಿ ಅಮ್ಮನ ಪಕ್ಕ ಕುಳಿತು ಅವರ ಕೈ ಹಿಡಿದುಕೊಂಡಳು. ಉಪನ್ಯಾಸಕನಿಗೆಂದು ತಂದಿದ್ದ ಶಾಲನ್ನು ದೊಡ್ಡಣ್ಣ ನನ್ನ ಮುಂದಿನಿಂದಲೇ ಒಯ್ದು ವಿಜಯಮ್ಮನವರಿಗೆ ಹೊದಿಸಿ, ಕಾಲಿಗೆ ನಮಸ್ಕಾರವನ್ನೂ ಮಾಡಿದ.

ಆಸ್ಟಿನ್‌ನಿಂದ ಫುಲ್‌ಶೀರಿಗೆ ಎರಡೂವರೆ ಗಂಟೆ ಡ್ರೈವ್. ನಾನು ಒಂದು ಮಾತೂ ಆಡಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ. ಹಿಂದಿನ ಸೀಟಿನಲ್ಲಿ ಅಜ್ಜಿ ಮೊಮ್ಮಗಳಿಗೆ ಯಾವ ಎಲೆ ಬಿಡಬೇಕೆಂದು ಹೇಳಿಕೊಡುತ್ತಿದ್ದರು.

ಬಳಗದ ನಿಯಮದಂತೆ ಒಂದು ಮನೆಗೆ ಒಂದೇ ಖಾತೆ. ಆ ನಿಯಮ ಬರೆದವನು ನಾನೇ (ಆಗ ದೊಡ್ಡಣ್ಣನ ಹೆಂಡತಿಯೂ ಆಡತೊಡಗಿದರೆ ಗತಿಯೇನೆಂಬ ಭಯವಿತ್ತು). ಬಳಗಕ್ಕೆಲ್ಲ ವಿಜಯಮ್ಮನವರೇ ಬೇಕಾಗಿದ್ದರಿಂದ ಮುಂದಿನ ಶನಿವಾರ ನನ್ನ ಕುರ್ಚಿಯಲ್ಲಿ ಅವರು ಕುಳಿತರು. ನಾನು ಸೋಲೊಪ್ಪದೆ ಸಾಫ್ಟ್‌ವೇರ್ ಹಾಕಿಕೊಟ್ಟೆ. ಎಲ್ಲರ ಹೆಸರಿನ ಪಕ್ಕದಲ್ಲೂ ಅಂಕಿಗಳ ಜಾತ್ರೆ.

“ಇದೇನು?”

“ದೊಡ್ಡಣ್ಣ ಎಷ್ಟು ಸಲ ಸುಳ್ಳೇ ಏರಿಸುತ್ತಾನೆ ಅಂತ ಇದರಲ್ಲಿ ಗೊತ್ತಾಗುತ್ತೆ, ಅತ್ತೆ.”

“ತೆಗೀರಿ ಅದನ್ನ. ಎಲೆ ಕಾಣಿಸ್ತಿಲ್ಲ.”

ವರ್ಷದ ಚಂದಾ ಕಟ್ಟಿದ ವಿಜ್ಞಾನವನ್ನು ನನ್ನ ಕೈಯಾರೆ ಮುಚ್ಚಿದೆ. ಐದು ಗಂಟೆಗೆ ದೊಡ್ಡಣ್ಣನ ಕೊನೆಯ ಚಿಪ್ಪೂ ನಮ್ಮ ಮನೆಗೆ ಬಂತು. ಎರಡು ವರ್ಷ ಕಾದ ಗಳಿಗೆ! ಕುಣಿಯಬೇಕೆನ್ನಿಸಿತು, ಆದರೆ ಗೆದ್ದದ್ದು ನಾನಲ್ಲವೆಂದು ಮತ್ತೆ ಸಿಟ್ಟು ಬಂತು.

ನಿನ್ನೆ ಬಳಗದ ಸದಸ್ಯರ ಹೊಸ ಪಟ್ಟಿ ಎಲ್ಲರಿಗೂ ಬಂದಿದೆ. ಸರೋಜಾ ಅದನ್ನು ಅಡುಗೆಮನೆಯಿಂದ ಗಟ್ಟಿಯಾಗಿ ಓದಿದಳು: “ಹ್ಯೂಸ್ಟನ್ ವಿಭಾಗ. ಫುಲ್‌ಶೀರ್. ಆಟಗಾರರು: ಶ್ರೀಮತಿ ವಿಜಯಮ್ಮ. ತಾಂತ್ರಿಕ ಸಹಾಯ ಮತ್ತು ಕಾಫಿ: ಮೋಹನರಾಜ.”