ಬಟ್ಟೆ ಜೊತೆ ಒಗೆದ ಕೀ

ಭಾನುವಾರ ಬೆಳಿಗ್ಗೆ ವಾಷಿಂಗ್ ಮಷೀನಿನೊಳಗಿಂದ ಟಕ್ ಟಕ್ ಎಂದು ಸದ್ದು ಬರತೊಡಗಿದಾಗ ಜೋಪಾನ ಪೇಪರ್ ಓದುತ್ತಿದ್ದ. ಪ್ಯಾಂಟಿನ ಗುಂಡಿ ಇರಬೇಕು ಎಂದುಕೊಂಡು ಪುಟ ತಿರುವಿದ. ಅರ್ಧ ಗಂಟೆಯ ಮೇಲೆ ಹೆಂಡತಿ ಬಂದು ಒದ್ದೆ ಅಂಗೈಯನ್ನು ಅವನ ಮೂಗಿನ ಕೆಳಗೆ ಹಿಡಿದಳು. ಅಂಗೈಯಲ್ಲಿ ಭಾವನ ಕಾರಿನ ಕೀ ಇತ್ತು. ಅದರ ಕಪ್ಪು ರಿಮೋಟಿನ ಸಂದಿಯಿಂದ ನೊರೆ ಬರುತ್ತಿತ್ತು.

“ರೀ, ಹತ್ತು ದಿನದಿಂದ ಜೋಪಾನ ಜೋಪಾನ ಅಂತ ಜೇಬಲ್ಲಿಟ್ಕೊಂಡು ತಿರುಗಿದ್ದು ಇದಕ್ಕೇನಾ?”

ಜೋಪಾನ ಎಂಬುದು ಅವನ ಹೆಸರಲ್ಲ ಬಿಡಿ. ಆಫೀಸಿನ ಹಳೇ ಕಡತಗಳ ಕೋಣೆ ಅವನ ಸುಪರ್ದಿಯಲ್ಲಿತ್ತು. ಯಾರು ಯಾವ ಕಡತ ಕೇಳಿದರೂ ಕೈಗೆ ಕೊಡುವಾಗ “ಜೋಪಾನ” ಎನ್ನುತ್ತಿದ್ದ. ಇಪ್ಪತ್ತೊಂದು ವರ್ಷ ಹೀಗೆ ಹೇಳಿದ ಮೇಲೆ ಅಸಲು ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಭಾವ ಎಂದರೆ ಹೆಂಡತಿಯ ಅಣ್ಣ. ಹತ್ತು ದಿನದ ಹಿಂದೆ ಪ್ರವಾಸಕ್ಕೆ ಹೊರಡುವಾಗ ಕಾರನ್ನು ಇವರ ಗೇಟಿನೊಳಗೆ ನಿಲ್ಲಿಸಿ, “ವಾಪಸ್ ಬಂದ ಮೇಲೆ ಇದನ್ನ ನಿಮಗೇ ಬಿಟ್ಟುಬಿಡ್ತೀನಿ. ದುಡ್ಡುಗಿಡ್ಡು ಏನೂ ಬೇಡ. ನೀವಾದ್ರೆ ಚೆನ್ನಾಗಿ ನೋಡ್ಕೋತೀರಿ,” ಎಂದಿದ್ದ. ಪೆನ್ನು ಕೊಟ್ಟರೆ ಮುಚ್ಚಳ ತನ್ನ ಕೈಯಲ್ಲೇ ಇಟ್ಟುಕೊಂಡು ಕೊಡುವ ಆಸಾಮಿ ಅವನು. ಅಂಥವನ ಬಾಯಿಂದ ಇಂಥ ಮಾತು ಹೇಗೆ ಬಂತು ಎಂದು ಯಾರಾದರೂ ಒಂದು ಗಳಿಗೆ ಯೋಚಿಸಬೇಕಿತ್ತು. ಗಂಡಹೆಂಡಿರಿಬ್ಬರೂ ಯೋಚಿಸಲಿಲ್ಲ. ಸ್ಕೂಟರಿಗೆ ಕಿಕ್ ಹೊಡೆದು ಹೊಡೆದು ಜೋಪಾನನ ಮೊಣಕಾಲು ಸವೆದಿತ್ತು. ಹೆಂಡತಿಯಂತೂ ಅಣ್ಣ ಕಾರಿಗೆ ಬೀಗ ಹಾಕುವ ಮೊದಲೇ ಸೀಟುಗಳ ಅಳತೆ ತೆಗೆದುಕೊಂಡು, ಪಕ್ಕದ ಮನೆಯ ಹೊಲಿಗೆಯಮ್ಮನಿಗೆ ಕವರ್ ಹೊಲಿಯಲು ನೀಲಿ ಬಟ್ಟೆ ಕೊಟ್ಟುಬಿಟ್ಟಿದ್ದಳು.

ಜೋಪಾನ ಹತ್ತು ದಿನವೂ ಕಾರಿನ ಬಾಗಿಲು ತೆಗೆಯಲಿಲ್ಲ. ರಿಮೋಟಿನ ಗುಂಡಿ ಒಮ್ಮೆಯೂ ಒತ್ತಲಿಲ್ಲ. ಒತ್ತಿದರೆ ಸವೆಯುತ್ತದಲ್ಲ! ಬೆಳಿಗ್ಗೆ ಸಂಜೆ ಕಾರನ್ನು ಒರೆಸಿದ, ಕೀಯನ್ನು ಜೇಬಿನಲ್ಲಿಟ್ಟುಕೊಂಡ, ಅಷ್ಟೇ. ಇವತ್ತು ಸಂಜೆ ನಾಲ್ಕಕ್ಕೆ ಭಾವ ರೈಲಿಳಿದು ಸೀದಾ ಇಲ್ಲಿಗೇ ಬರುವವನಿದ್ದ.

“ನಿಮ್ಮಣ್ಣನಿಗೆ ಗೊತ್ತಾದ್ರೆ ಕಾರು ಕೈತಪ್ಪಿದ ಹಾಗೇ,” ಎಂದ ಜೋಪಾನ. ಅವನಿಗೆ ನಿಜಕ್ಕೂ ಭಯವಾಗಿತ್ತು.

“ಕಾರು ಹೋದ್ರೆ ಹೋಗ್ಲಿ ಅನ್ನೋಣ ಅಂದ್ರೆ ಅದೂ ಆಗಲ್ಲ. ಬಟ್ಟೆ ಕತ್ತರಿಸಿ ಆಯ್ತು,” ಎಂದಳು ಹೆಂಡತಿ.

ಅಷ್ಟರಲ್ಲಿ ಮಹಡಿ ಮನೆಯ ಹೆಡ್‌ಮಾಸ್ಟರು ಇಳಿದು ಬಂದರು. ರಿಟೈರಾದ ಮೇಲೆ ಅವರಿಗೆ ಬೇರೆಯವರ ಮನೆಯ ವಿಷಯ ಬಿಟ್ಟರೆ ಬೇರೆ ಪಠ್ಯ ಇರಲಿಲ್ಲ.

“ಇಲ್ಲಿ ಕೊಡಯ್ಯಾ. ನಾನು ಎಷ್ಟು ರೇಡಿಯೋ ಬಿಚ್ಚಿದ್ದೀನಿ ಗೊತ್ತಾ?”

ಎಷ್ಟನ್ನು ವಾಪಸ್ ಜೋಡಿಸಿದ್ದಾರೆ ಎಂದು ಜೋಪಾನ ಕೇಳಬೇಕಿತ್ತು. ಕೇಳುವುದರೊಳಗೆ ಅವರು ಅಡುಗೆಮನೆಯ ಚಾಕುವನ್ನು ರಿಮೋಟಿನ ಸಂದಿಗೆ ತೂರಿಸಿಯಾಗಿತ್ತು. ಚಿಟ್ ಎಂದಿತು. ಒಳಗಿನ ಹಸಿರು ತಗಡು, ನಾಣ್ಯದಂಥ ಬ್ಯಾಟರಿ, ರಬ್ಬರಿನ ಗುಂಡಿ ಎಲ್ಲ ಪೇಪರಿನ ಮೇಲೆ ಉದುರಿದವು. ಮೇಲಿನ ಪ್ಲಾಸ್ಟಿಕ್ ಕವಚದಿಂದ ಮಾತ್ರ ನೀರು ತೊಟ್ಟಿಕ್ಕುತ್ತಲೇ ಇತ್ತು.

“ಅದನ್ನ ಈ ಕಡೆ ಕೊಡಿ,” ಎಂದು ಕಾಂಪೌಂಡಿನ ಆಚೆಯಿಂದ ಕೈ ಚಾಚಿದಳು ಹೊಲಿಗೆಯಮ್ಮ. “ಮೇಲೊಂದು ಬಟ್ಟೆ ಹಾಕಿ ಇಸ್ತ್ರಿ ತೋರಿಸ್ತೀನಿ. ಎರಡು ನಿಮಿಷದಲ್ಲಿ ಗರಿಗರಿ ಆಗುತ್ತೆ.”

ಎರಡು ನಿಮಿಷವೂ ಬೇಕಾಗಲಿಲ್ಲ. ಕವಚ ಅಂಗಿಯ ಕಾಲರಿನ ಹಾಗೆ ಚಪ್ಪಟೆಯಾಗಿ ಬಂತು. “ಪ್ಯಾಂಟಿಗೆ ಇಟ್ಟಿದ್ದ ಬಿಸೀಲೇ ಇಟ್ಟೆ ಕಣ್ರೀ,” ಎಂದಳು ಆಕೆ, ತಪ್ಪು ಪ್ಲಾಸ್ಟಿಕ್ಕಿನದೇ ಎಂಬಂತೆ.

“ಹೋಗ್ಲಿ ಬಿಡಯ್ಯಾ, ಲೋಹದ ಕೀ ಇದೆಯಲ್ಲ. ಅದರಲ್ಲೇ ಬಾಗಿಲು ತೆಗೆದು ನೋಡು,” ಎಂದರು ಹೆಡ್‌ಮಾಸ್ಟರು. ಜೋಪಾನ ಕೀ ತೂರಿಸಿ ತಿರುಗಿಸಿದ. ಬಾಗಿಲು ತೆರೆಯಿತು. ಅದರ ಬೆನ್ನಿಗೇ ಕಾರು ಕೊಂಯ್ ಕೊಂಯ್ ಎಂದು ಬೊಬ್ಬೆ ಹೊಡೆಯತೊಡಗಿತು. ಬಾಗಿಲು ಹಾಕಿದ, ನಿಲ್ಲಲಿಲ್ಲ. ಬಾನೆಟ್ ತಟ್ಟಿದ, ನಿಲ್ಲಲಿಲ್ಲ. “ಸುಮ್ನಿರಪ್ಪಾ ದಮ್ಮಯ್ಯ,” ಎಂದು ಬೇಡಿಕೊಂಡ, ಆಗಲೂ ನಿಲ್ಲಲಿಲ್ಲ. ಬೀದಿಯ ಜನವೆಲ್ಲ ಗೇಟಿನ ಮುಂದೆ ಸೇರಿದರು. ಹತ್ತು ನಿಮಿಷ ಕೂಗಿ ಕಾರು ತಾನಾಗೇ ಸುಮ್ಮನಾಯಿತು. ಜನ ಮಾತ್ರ ಇನ್ನೂ ಅರ್ಧ ಗಂಟೆ ಅಲ್ಲೇ ಇದ್ದು ಸಲಹೆ ಕೊಟ್ಟರು.

ಅದರಲ್ಲಿ ಒಂದೇ ಒಂದು ಸಲಹೆ ಕೆಲಸಕ್ಕೆ ಬರುವಂತಿತ್ತು. ಬೀದಿಯ ಕೊನೆಯಲ್ಲಿ ಮಹಡಿ ಮೆಟ್ಟಿಲಿನ ಕೆಳಗೆ ಕೂರುವ ಗಡಿಯಾರ ರಿಪೇರಿಯ ಮುದುಕ ಇಂಥದ್ದನ್ನೂ ಮಾಡುತ್ತಾನಂತೆ. ಜೋಪಾನ ಚೂರುಗಳನ್ನೆಲ್ಲ ಕರವಸ್ತ್ರದಲ್ಲಿ ಕಟ್ಟಿಕೊಂಡು ಓಡಿದ. ಆಗಲೇ ಗಂಟೆ ಒಂದಾಗಿತ್ತು.

ಮುದುಕ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಸಿರು ತಗಡನ್ನು ತಿರುಗಿಸಿ ತಿರುಗಿಸಿ ನೋಡಿದ. “ಸಾರ್, ನೀರು ಕುಡಿದಿರೋದು ಇವತ್ತು. ಕಾಯಿಲೆ ಇವತ್ತಿನದಲ್ಲ. ಇಲ್ಲೊಂದು ಬೆಸುಗೆ ಬಿಟ್ಟು ವರ್ಷಗಳೇ ಆಗಿರ್ಬೇಕು. ಧೂಳು ನೋಡಿ, ತುಕ್ಕು ನೋಡಿ.”

“ಅದರ ಪೂರ್ವಾಪರ ನನಗ್ಯಾಕೆ ಯಜಮಾನ್ರೇ? ನಾಲ್ಕು ಗಂಟೆಯೊಳಗೆ ಅದಕ್ಕೆ ಜೀವ ಬಂದ್ರೆ ಸಾಕು.”

“ಬೆಸೆದುಬಿಟ್ರೆ ಹೊಸದರ ಹಾಗೆ ಆಗುತ್ತೆ ಅಂತ ಹೇಳ್ದೆ, ಅಷ್ಟೇ.” ಮುದುಕ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತಿಕ್ಕಿದ, ಬೆಸೆದ, ಹೊಸ ಬ್ಯಾಟರಿ ಹಾಕಿದ. ಡ್ರಾಯರಿನಿಂದ ಅಂಥದ್ದೇ ಕವಚ ಹುಡುಕಿ ತೆಗೆದು ಜೋಡಿಸಿಕೊಟ್ಟ. ಅದು ಫಳಫಳ ಹೊಳೆಯುತ್ತಿತ್ತು. ಜೋಪಾನನ ಮುಖ ಬಾಡಿತು.

“ಇಷ್ಟು ಹೊಸದಾದ್ರೆ ಸಿಕ್ಕಿಬೀಳ್ತೀನಲ್ಲಾ!”

ಅವನು ಕವಚವನ್ನು ಮೆಟ್ಟಿಲಿನ ಕಲ್ಲಿಗೆ ಹಿಂದೆ ಮುಂದೆ ಉಜ್ಜಿದ. ಹೊಳಪು ಹೋಯಿತು. ಆಮೇಲೆ ನೆನಪಾಯಿತು: ಭಾವನ ಮಗಳು ಹಲ್ಲು ಮೂಡುವಾಗ ಹಳೇ ರಿಮೋಟಿನ ಮೂಲೆಯನ್ನು ಕಚ್ಚಿ ಗುರುತು ಮಾಡಿದ್ದಳು. ಭಾವ ಅದನ್ನು ಬಂದವರಿಗೆಲ್ಲ ತೋರಿಸಿ ಹಿಗ್ಗುತ್ತಿದ್ದ. ಜೋಪಾನ ಅತ್ತ ಇತ್ತ ನೋಡಿ, ಮೂಲೆಯನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ ಗಟ್ಟಿಯಾಗಿ ಕಚ್ಚಿದ. ಗುರುತು ಚೆನ್ನಾಗಿಯೇ ಬಿತ್ತು. ಜೊತೆಗೆ ಹೋದ ವರ್ಷ ಹಿಂದಿನ ಹಲ್ಲಿಗೆ ತುಂಬಿಸಿದ್ದ ಸಿಮೆಂಟೂ ಉದುರಿತು.

“ಸಾರ್,” ಎಂದ ಮುದುಕ ಭೂತಗನ್ನಡಿ ತೆಗೆದು, “ಊಟ ಆಗಿಲ್ವಾ?”

ಮೂರೂವರೆಗೆ ಮನೆಯ ಗೇಟಿನಲ್ಲಿ ನಿಂತು ಜೋಪಾನ ಗುಂಡಿ ಒತ್ತಿದ. ಕುಂಯ್ ಎಂದು ಕಾರಿನ ದೀಪಗಳು ಮಿನುಗಿ ಬಾಗಿಲಿನ ಬೀಗ ತೆರೆದುಕೊಂಡಿತು. ಹೆಂಡತಿ ಚಪ್ಪಾಳೆ ತಟ್ಟಿದಳು. ಹೆಡ್‌ಮಾಸ್ಟರು “ನಾನು ಬಿಚ್ಚಿದ್ದಕ್ಕೇ ಸುಲಭ ಆಯ್ತು” ಎಂದರು. ಹಲ್ಲು ಸೆಳೆಯುತ್ತಿದ್ದರೂ ಜೋಪಾನನಿಗೆ ಅಷ್ಟು ಖುಷಿ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಭಾವ ಬಂದ. ನೀರು ಕುಡಿದು, ಬ್ಯಾಗಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟ. “ಸಹಿ ಹಾಕಿಯೇ ತಂದಿದ್ದೀನಿ. ನೀವೊಂದು ಸಹಿ ಹಾಕಿದ್ರೆ ಕಾರು ನಿಮ್ಮದು.”

ಜೋಪಾನ ಪೆನ್ನು ತೆಗೆದ.

“ತಡೀರಿ, ಒಂದು ವಿಷಯ ಹೇಳಿಬಿಡ್ತೀನಿ. ಆಮೇಲೆ ನನ್ನ ಬೈಕೋಬಾರ್ದು.” ಭಾವ ಗಂಟಲು ಸರಿಮಾಡಿಕೊಂಡ. “ಈ ಕಾರು ಎರಡು ವರ್ಷದಿಂದ ನನ್ನ ಜೀವ ತಿಂತಿದೆ. ರಿಮೋಟು ಹತ್ತು ಸಲ ಒತ್ತಿದ್ರೆ ಒಂದು ಸಲ ಕೇಳುತ್ತೆ. ಗ್ಯಾರೇಜಿನವರು ಒಳಗಿನ ವೈರಿಂಗೇ ಕೆಟ್ಟಿದೆ, ಇಡೀ ಕಾರು ಬಿಚ್ಬೇಕು ಅಂದ್ರು. ಅದಕ್ಕೇ ಸಾಕಪ್ಪಾ ಸಹವಾಸ ಅಂತ ನಿಮಗೆ ಕೊಡ್ತಿದ್ದೀನಿ. ಬನ್ನಿ, ತೋರಿಸ್ತೀನಿ.”

ಭಾವ ಕೀ ಇಸಿದುಕೊಂಡು ಅಂಗಳಕ್ಕಿಳಿದು ಗುಂಡಿ ಒತ್ತಿದ. ಕುಂಯ್. ಹುಬ್ಬೇರಿಸಿ ಮತ್ತೆ ಒತ್ತಿದ. ಕುಂಯ್. ಗೇಟಿನಾಚೆ ಹೋಗಿ ಒತ್ತಿದ, ಕಾರಿಗೆ ಬೆನ್ನು ಹಾಕಿ ಒತ್ತಿದ, ಜೇಬಿನೊಳಗಿಟ್ಟು ಒತ್ತಿದ. ಕಾರು ಪ್ರತಿ ಸಲವೂ ವಿಧೇಯವಾಗಿ ಕುಂಯ್ ಎಂದಿತು. ಭಾವನ ಮುಖ ಅರಳಿತು. ಹೆಬ್ಬೆರಳಿನಿಂದ ಮೂಲೆ ಸವರಿ, “ನಮ್ಮ ಮಗು ಕಚ್ಚಿದ ಗುರುತೂ ಹಾಗೇ ಇದೆ! ಏನ್ರೀ ಮಾಡಿದ್ರಿ ಇದಕ್ಕೆ?” ಎಂದ.

ಜೋಪಾನ ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು.

“ಏನೂ ಮಾಡಿಲ್ಲ ಭಾವ,” ಎಂದ ಕೆನ್ನೆ ಒತ್ತಿ ಹಿಡಿದು. “ಜೋಪಾನವಾಗಿ ಇಟ್ಟಿದ್ದೆ, ಅಷ್ಟೇ.”

“ಅದೇ ನೋಡಿ, ಕೈಗುಣ ಅಂದ್ರೆ!” ಭಾವ ಒಳಗೆ ಹೋಗಿ ಮೇಜಿನ ಮೇಲಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡು ಬಂದ. “ಇಷ್ಟು ಚೆನ್ನಾಗಿರೋ ಕಾರನ್ನ ಯಾರಾದ್ರೂ ಬಿಡ್ತಾರಾ ಹೇಳಿ? ನಾನೇ ಇಟ್ಕೋತೀನಿ. ನಿಮಗೆ ಹೇಗೂ ಸ್ಕೂಟರ್ ಇದೆಯಲ್ಲ.”

ಅದೇ ಹೊತ್ತಿಗೆ ಹೊಲಿಗೆಯಮ್ಮ ನೀಲಿ ಕವರುಗಳನ್ನು ಮಡಿಸಿಕೊಂಡು ನಗುನಗುತ್ತ ಗೇಟಿನೊಳಗೆ ಬಂದಳು. “ಕಾರಿನ ಸೀಟಿಗೆ ಕವರ್ ರೆಡಿ ಅಕ್ಕಾ!”

“ಅಯ್ಯಯ್ಯೋ, ಇದೂ ಬೇರೆ ಮಾಡ್ಸಿದ್ದೀರಾ!” ಭಾವನಿಗೆ ನಿಜವಾಗಿಯೂ ಮನಸ್ಸು ತುಂಬಿ ಬಂತು. ತಾನೇ ಕವರುಗಳನ್ನು ಎತ್ತಿಕೊಂಡು ಕಾರಿನಲ್ಲಿಟ್ಟ. ಕುಳಿತು, ಗಾಜಿಳಿಸಿ, ಜೋಪಾನನ ಕೈ ಹಿಡಿದುಕೊಂಡ.

“ನೋಡಿ, ಮುಂದಿನ ತಿಂಗಳು ಮತ್ತೆ ಹದಿನೈದು ದಿನ ಹೊರಗೆ ಹೋಗ್ತಿದ್ದೀನಿ. ನಮ್ಮ ಫ್ರಿಜ್ಜು, ಟಿವಿ ಎರಡೂ ಕೆಟ್ಟು ಕೂತಿವೆ. ನಿಮ್ಮನೇಲೇ ಬಿಟ್ಟು ಹೋಗ್ತೀನಿ. ಜೋಪಾನ, ಆಯ್ತಾ?”