ನನ್ನ ಸೈಕಲ್ ವ್ಯಾಪಾರ ಮತ್ತು ಅತ್ತೆಯ ಆಯುಧಪೂಜೆ

ಮನೆಯಲ್ಲೇ ಕುಳಿತು ನಾಲ್ಕು ಕಾಸು ಸಂಪಾದಿಸಬೇಕು ಎಂದು ನಾನು ತೀರ್ಮಾನಿಸಿದಾಗ ನಮ್ಮ ಬೀದಿಯ ಹೆಂಗಸರು ಹಪ್ಪಳ, ಸಂಡಿಗೆ, ಸೀರೆಗೆ ಫಾಲ್ ಹಚ್ಚುವುದು ಎಂದೆಲ್ಲ ಸೂಚಿಸಿದರು. ನಾನು ನಕ್ಕುಬಿಟ್ಟೆ. ನಮ್ಮ ತಂದೆಯದು ದಾವಣಗೆರೆಯಲ್ಲಿ ಸೈಕಲ್ ಶಾಪು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತು ಮಗ್ಗಿ ಓದಿದವಳು. ಸೈಕಲ್ ವಿದ್ಯೆ ನನ್ನ ರಕ್ತದಲ್ಲೇ ಇದೆ ಎಂದು ನಂಬಲು ಅಷ್ಟು ಸಾಕಾಯಿತು.

ಆಗ ನಾವು ಚಿಕ್ಕಬಾಣಾವರದಲ್ಲಿ ಬಾಡಿಗೆಗೆ ಇದ್ದೆವು. ನಮ್ಮನೆಯವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ತೊಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಕಡೆಯಿಂದ ಪೀಣ್ಯಕ್ಕೆ ಡ್ಯೂಟಿಗೆ ಹೋಗುವ ಗಂಡಸರಲ್ಲಿ ಮುಕ್ಕಾಲು ಪಾಲು ಸೈಕಲ್ಲಿನವರೇ. ಸ್ವಲ್ಪ ಅನುಕೂಲವಾದವರು ಮೊಪೆಡ್ ಕೊಳ್ಳುತ್ತಿದ್ದರು. ಅವರ ಹಳೆಯ ಸೈಕಲ್ಲು ಕಾಂಪೌಂಡ್ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿತ್ತು. ಅದನ್ನು ಅಗ್ಗಕ್ಕೆ ಕೊಳ್ಳುವುದು, ರಿಪೇರಿ ಮಾಡುವುದು, ಮಾರುವುದು. ಇಷ್ಟು ಸರಳವಾದ ಯೋಜನೆ ಇನ್ನೂ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನಗೆ ಲೋಕದ ಬಗ್ಗೆ ಮರುಕ ಹುಟ್ಟಿತು.

ನಮ್ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಬಿದ್ದ ಚೈನ್ ಹಾಕೋಕೆ ಬರುತ್ತಾ ನಿಂಗೆ?"

ಇಂಥ ಸಣ್ಣ ಪ್ರಶ್ನೆಗಳನ್ನು ಬದಿಗಿಟ್ಟು ಹಳೆಯ ಸೈಕಲ್ ಹುಡುಕಲು ಹೊರಟೆ.

ಮೊದಲ ಸೈಕಲ್ಲನ್ನು ಹಿತ್ತಲಿನಲ್ಲಿ ಹಳೆಯ ಪಂಚೆ ಹಾಸಿಕೊಂಡು ಬಿಚ್ಚಿದೆ. ಬಿಚ್ಚಲು ಒಂದು ಬೆಳಗು ಹಿಡಿಯಿತು, ಜೋಡಿಸಲು ಒಂದು ವಾರ. ಜೋಡಿಸಿದ ಮೇಲೆ ಕೈಯಲ್ಲಿ ಮೂರು ನಟ್ಟು ಉಳಿದವು. ಆದರೂ ಸೈಕಲ್ ಓಡಿತು. ಹಾಗಾದರೆ ಆ ಮೂರು ನಟ್ಟುಗಳನ್ನು ಕಂಪನಿಯವರು ಉದಾರವಾಗಿ ಹೆಚ್ಚಿಗೆ ಹಾಕಿದ್ದರೆಂದು ತಿಳಿದು ಡಬ್ಬಿಗೆ ಹಾಕಿಟ್ಟೆ. ಆ ಸೈಕಲ್ಲು ಮಾರಾಟವೂ ಆಯಿತು. ಕೊಂಡವನು ವಾಪಸ್ ಬರಲಿಲ್ಲ. ಸಂತೋಷದಿಂದ ಬರಲಿಲ್ಲವೋ, ಬರುವ ಸ್ಥಿತಿಯಲ್ಲಿ ಇರಲಿಲ್ಲವೋ ತಿಳಿಯದು.

ಈ ಜಯದಿಂದ ಹೆಸರು ಹಬ್ಬಿ, ಜನ ತಮ್ಮ ಸ್ವಂತ ಸೈಕಲ್ಲುಗಳನ್ನೂ ರಿಪೇರಿಗೆ ಬಿಟ್ಟು ಹೋಗತೊಡಗಿದರು. ದಸರೆಯ ಹೊತ್ತಿಗೆ ಮನೆ ಮುಂದೆ ಐದು ಸೈಕಲ್ಲುಗಳಿದ್ದವು. ಮೂರು ನಾನು ಮಾರಲು ಕೊಂಡವು, ಎರಡು ರಿಪೇರಿಯವು. ರಿಪೇರಿಯವುಗಳಲ್ಲಿ ಒಂದು ಪ್ರೈಮರಿ ಶಾಲೆಯ ಮೇಷ್ಟ್ರದು. ಅದನ್ನು ಬಿಟ್ಟು ಅವರು ದಸರಾ ರಜೆಗೆ ಊರಿಗೆ ಹೋಗಿದ್ದರು. ಇನ್ನೊಂದು ಯಮನಪ್ಪನದು. ಅವನು ಬಾಗಲಕೋಟೆ ಕಡೆಯವನು, ಫೌಂಡ್ರಿಯಲ್ಲಿ ಕೆಲಸ, ಸ್ಟೇಷನ್ ಹತ್ತಿರ ಹೆಂಡತಿಯೊಂದಿಗೆ ಒಂದು ರೂಮಿನಲ್ಲಿದ್ದ. ಐದೂ ಸೈಕಲ್ಲು ಕಪ್ಪು, ಐದೂ ಒಂದೇ ಎತ್ತರ. ಗುರುತಿಗೆಂದು ಹಿಂದಿನ ಮಡ್‌ಗಾರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆ: ಮಾರಾಟದ್ದಕ್ಕೆ 'ಮಾ', ರಿಪೇರಿಯದ್ದಕ್ಕೆ 'ರಿ'. ಒಂದು ಪುಸ್ತಕದಲ್ಲಿ ಬರೆದಿಡು ಎಂದು ನಮ್ಮನೆಯವರು ಹೇಳಿದರು. ಸ್ಟೋರ್ ಕೀಪರುಗಳಿಗೆ ಎಲ್ಲದಕ್ಕೂ ಪುಸ್ತಕ ಬೇಕು.

ಆಯುಧಪೂಜೆಯ ಬೆಳಿಗ್ಗೆ ನಾನು ಬೂದುಗುಂಬಳಕಾಯಿ ತರಲು ಹೋಗಿದ್ದೆ. ದಾವಣಗೆರೆಯಿಂದ ಬಂದಿದ್ದ ನಮ್ಮ ಅತ್ತೆ ಬಹಳ ದೈವಭಕ್ತೆ. ಹಬ್ಬದ ದಿನ ವಾಹನಗಳು ಧೂಳು ಹಿಡಿದು ನಿಂತಿರುವುದು ಅವರ ಮನಸ್ಸಿಗೆ ನೋವುಂಟುಮಾಡಿತು. ಸೀಗೆಪುಡಿ ಹಾಕಿ ಅಷ್ಟನ್ನೂ ತೊಳೆದರು. ಶೆಡ್ಡಿನಲ್ಲಿದ್ದ ನಮ್ಮನೆಯವರ ಸೈಕಲ್ಲನ್ನೂ ತಂದು ತೊಳೆದು ಸಾಲಿಗೆ ಸೇರಿಸಿದರು. ನಾನು ಬಂದಾಗ ಆರು ಸೈಕಲ್ಲುಗಳು ಫಳಫಳ ಹೊಳೆಯುತ್ತ ನಿಂತಿದ್ದವು. 'ಮಾ' ಇಲ್ಲ, 'ರಿ' ಇಲ್ಲ. ಪ್ರತಿಯೊಂದರ ಮಡ್‌ಗಾರ್ಡಿನ ಮೇಲೂ ಮೂರು ಬೆರಳಿನ ವಿಭೂತಿ.

"ಹೆಂಗೈತೆ ನೋಡು ಸುಮಾ, ಎಲ್ಲಾ ಒಂದೇ ತಾಯಿ ಮಕ್ಕಳ ಥರ," ಎಂದರು ಅತ್ತೆ.

ಅದೇ ಆಗಿತ್ತು ಕಷ್ಟ.

ಯಾರಿಗೂ ಹೇಳದೆ ನಾನೇ ಪತ್ತೆ ಹಚ್ಚಲು ಕುಳಿತೆ. ಬ್ರೇಕ್ ಹಿಡಿಯದ ಸೈಕಲ್ಲೇ ರಿಪೇರಿಗೆ ಬಂದದ್ದು ಎಂದು ಒಂದು ಸೂತ್ರ ಮಾಡಿದೆ. ಪರೀಕ್ಷಿಸಿದರೆ ನಾಲ್ಕರಲ್ಲಿ ಬ್ರೇಕ್ ಹಿಡಿಯಲಿಲ್ಲ. ನಾನು ಆಗಲೇ ರಿಪೇರಿ ಮಾಡಿ ಮುಗಿಸಿದ್ದವೂ ಅವುಗಳಲ್ಲಿ ಸೇರಿದ್ದವು! ಕೊನೆಗೆ ಮುಖಲಕ್ಷಣ ನೋಡಿ ತೀರ್ಮಾನಿಸಿದೆ.

ಮರುದಿನ ವಿಜಯದಶಮಿ. ಮುನಿರಾಜು ಎಂಬವನು ಬಂದು, ಒಳ್ಳೆಯ ದಿನ, ಒಂದು ಸೈಕಲ್ ಬೇಕು ಎಂದ. ಅವನು ಪೀಣ್ಯದ ಬಿಸ್ಕತ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವನು. ಒಂದನ್ನು ಕೊಟ್ಟೆ. ಮಧ್ಯಾಹ್ನ ಯಮನಪ್ಪ ಬಂದ. ಅವನಿಗೂ ಒಂದನ್ನು ಕೊಟ್ಟೆ. ಅವನು ಸೈಕಲ್ಲಿಗೆ ಎರಡು ಸುತ್ತು ಬಂದು ನಿಂತ.

"ಅಕ್ಕಾರ, ಇದು ನಂದಲ್ಲ ಅನಸ್ತೈತ್ರಿ."

ತೊಳೆದಿದ್ದೇವೆ, ಅದಕ್ಕೇ ಹಾಗೆ ಕಾಣುತ್ತದೆ ಎಂದೆ. ಸೀಟು ಎತ್ತರವಾಗಿದೆ ಎಂದ. ರಿಪೇರಿಯಾದ ಮೇಲೆ ಸೈಕಲ್ಲು ಸ್ವಲ್ಪ ನೆಟ್ಟಗಾಗುತ್ತದೆ ಎಂದು ಶಾಸ್ತ್ರೋಕ್ತವಾಗಿ ವಿವರಿಸಿದೆ. ಪಾಪ, ನನ್ನ ಮಾತನ್ನು ನಂಬಿ, ತನ್ನ ಕಣ್ಣನ್ನೇ ಅನುಮಾನಿಸುತ್ತ ಹೋದ.

ಮಾರನೆಯ ಬೆಳಿಗ್ಗೆ ನಮ್ಮನೆಯವರು ಡ್ಯೂಟಿಗೆ ಹೊರಟು, ಊಟದ ಡಬ್ಬಿ ಹಿಡಿದು ಸಾಲಿನ ಮುಂದೆ ನಿಂತುಕೊಂಡಿದ್ದರು. ಅವರ ಸೈಕಲ್ಲು ಕಾಣಲಿಲ್ಲ. ಅಷ್ಟರಲ್ಲಿ ಯಮನಪ್ಪ ಸೈಕಲ್ ತಳ್ಳಿಕೊಂಡು ಗೇಟಿನೊಳಗೆ ಬಂದ. ನಮ್ಮನೆಯವರು ಆ ಸೈಕಲ್ಲನ್ನು ನೋಡಿದರು, ನನ್ನನ್ನು ನೋಡಿದರು.

"ಇದು ನಂದು," ಎಂದರು ಮೆಲ್ಲಗೆ.

ಎಂಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಸೈಕಲ್ ಗುರುತಾಗಲಿಲ್ಲವೇ ಎಂದು ನೀವು ಕೇಳಬಹುದು. ನಾನು ಅದನ್ನು ನೋಡಿದ್ದೆಲ್ಲ ಅವರು ಅದರ ಮೇಲೆ ಕುಳಿತಿರುವಾಗ.

ಯಮನಪ್ಪ ಮಾತ್ರ ಸೋತು ಹೋಗಿದ್ದ. "ನನ್ನ ಹೇಣ್ತಿ ಹಿಂದ ಕುಂತ ಕೂಡ್ಲೇ ಇಳದ್ಲರಿ. ಇದು ನಮ್ಮಪ್ಪ ಮದ್ವ್ಯಾಗ ಕೊಟ್ಟ ಸೈಕಲ್ ಅಲ್ಲ, ಅದನ್ನ ತರೂತನಕ ನಾ ಉಣ್ಣಂಗಿಲ್ಲ ಅಂತ ಕುಂತಾಳ್ರಿ," ಎಂದ. ಆ ಸೈಕಲ್ಲನ್ನು ಅವರು ಊರಿನಿಂದ ರೈಲಿನಲ್ಲಿ ಹಾಕಿಸಿಕೊಂಡು ತಂದಿದ್ದರಂತೆ. ತವರಿನಿಂದ ಬಂದದ್ದೆಂದು ಆಕೆಗಿದ್ದ ವಸ್ತು ಅದೊಂದೇ. ಸಾಲಿನಲ್ಲಿ ಉಳಿದಿದ್ದ ನಾಲ್ಕನ್ನೂ ಅವನು ಮುಟ್ಟಿ ನೋಡಿ ಅಲ್ಲವೆಂದ; ಹಾಗಾದರೆ ಅದು ಹೋಗಿದ್ದು ಮುನಿರಾಜುವಿನ ಜೊತೆ.

ನಮ್ಮನೆಯವರು ಅರ್ಧ ದಿನ ರಜೆ ಹಾಕಿದರು. ಮಧ್ಯಾಹ್ನ ಎರಡರ ಶಿಫ್ಟ್ ಬದಲಾಗುವ ಹೊತ್ತಿಗೆ ಅವರು ಸೈಕಲ್ಲಿನಲ್ಲಿ, ನಾನೂ ಯಮನಪ್ಪನೂ ಬಸ್ಸಿನಲ್ಲಿ, ಬಿಸ್ಕತ್ ಕಾರ್ಖಾನೆಯ ಗೇಟಿಗೆ ಹೋದೆವು. ಅಲ್ಲಿಯ ಸೈಕಲ್ ಸ್ಟ್ಯಾಂಡ್ ನೋಡಿ ನನಗೆ ತಲೆ ಸುತ್ತಿತು. ನೂರಾರು ಸೈಕಲ್ಲು, ಎಲ್ಲಾ ಕಪ್ಪು, ಎಲ್ಲದಕ್ಕೂ ಹಬ್ಬದ ವಿಭೂತಿ, ಕುಂಕುಮ. ನಾವು ಒಂದೊಂದನ್ನೂ ಬಗ್ಗಿ ನೋಡುವುದನ್ನು ಕಂಡ ವಾಚ್‌ಮನ್ ಕೋಲು ಹಿಡಿದು ಬಂದ. ನಾನು ವಿಷಯವನ್ನು ಸ್ಪಷ್ಟಪಡಿಸಿದೆ: ಸೈಕಲ್ಲು ಮಾರಿದವಳು ನಾನು, ಆದರೆ ಸೈಕಲ್ಲು ನನ್ನದಲ್ಲ, ಇವರದು, ಇವರು ಅದನ್ನು ಮಾರಿಲ್ಲ.

"ಅಂದ್ರೆ ಕದ್ದ ಮಾಲಾ ಮೇಡಂ?" ಎಂದ.

ನಾನು ವಿವರಿಸಿದಷ್ಟೂ ಅವನು ಕೋಲನ್ನು ಬಿಗಿಯಾಗಿ ಹಿಡಿದ. ನಮ್ಮನೆಯವರು ನಮ್ಮ ಪರಿಚಯವೇ ಇಲ್ಲದವರಂತೆ ಕಾರ್ಖಾನೆಯ ಬೋರ್ಡನ್ನು ಓದುತ್ತಿದ್ದರು.

ಅಷ್ಟರಲ್ಲಿ ಯಮನಪ್ಪ ಮೂರನೆಯ ಸಾಲಿನಲ್ಲಿ ಒಂದು ಸೈಕಲ್ಲಿನ ಹ್ಯಾಂಡಲ್ ಮೇಲೆ ಕೈಯಿಟ್ಟು ನಿಂತುಬಿಟ್ಟಿದ್ದ. ಅದೇ. ಶಿಫ್ಟ್ ಬಿಟ್ಟು ಮುನಿರಾಜು ಬಂದ. ಅವನು ಆಗಲೇ ಮಗಳಿಗೆಂದು ಮುಂದೆ ಪುಟ್ಟ ಸೀಟು ಹಾಕಿಸಿದ್ದ.

"ಪೂಜೆ ಮಾಡಿರೋ ಸೈಕಲ್ನ ದೇವರ ಸಾಕ್ಷಿಯಾಗಿ ಕೊಟ್ರಲ್ಲಕ್ಕ. ಈಗ ಬೇರೆಯವರದು ಅಂದ್ರೆ ಹೆಂಗಕ್ಕ?" ಎಂದು ಕೇಳಿದ. ಯಮನಪ್ಪ ತನ್ನ ಹೆಂಡತಿ ನಿನ್ನೆಯಿಂದ ಊಟ ಮಾಡಿಲ್ಲವೆಂದು ಹೇಳಿದ. ಮುನಿರಾಜು ವಾಚ್‌ಮನ್ ಹತ್ತಿರ ಸ್ಪ್ಯಾನರ್ ಕೇಳಿ ತಂದು, ಮಗಳ ಸೀಟನ್ನು ತಾನೇ ಬಿಚ್ಚಿಕೊಂಡ. ದುಡ್ಡು ವಾಪಸ್ ಬೇಡ, ನಾಳೆ ಡ್ಯೂಟಿಗೆ ಬರಲು ಬ್ರೇಕ್ ಹಿಡಿಯುವ ಒಂದು ಸೈಕಲ್ ಕೊಡಿ ಎಂದ.

ಬ್ರೇಕ್ ಹಿಡಿಯುವ ಸೈಕಲ್ಲು ಎಂದರೆ ನಾನು ಎಂದೂ ಕೈ ಹಾಕದ ಸೈಕಲ್ಲು. ಅಂಥದ್ದು ಇದ್ದದ್ದು ಒಂದೇ. ನಮ್ಮನೆಯವರು ಜೇಬಿನಿಂದ ಕೀ ತೆಗೆದು ಅವನ ಕೈಗಿಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೂ ಅವರೇ ಟಿಕೆಟ್ ಕೊಂಡು, ಕಿಟಕಿಯ ಸೀಟು ಬಿಟ್ಟುಕೊಟ್ಟರು. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಮನೆಯಲ್ಲಿ ನಾಲ್ಕು ಸೈಕಲ್ಲು ಉಳಿದಿದ್ದವು. ಮೂರು ನಮ್ಮವು, ಒಂದು ಮೇಷ್ಟ್ರದು. ಯಾವುದು ಯಾವುದೆಂದು ನನಗೆ ಗೊತ್ತಿರಲಿಲ್ಲ. ಆದರೂ ಧೈರ್ಯವಾಗಿ ಒಂದನ್ನು ತೆಗೆದುಕೊಳ್ಳಿ, ನಮ್ಮದೇ ಆಗಿರುವ ಸಂಭವ ಹೆಚ್ಚು ಎಂದು ನಮ್ಮನೆಯವರಿಗೆ ಲೆಕ್ಕ ಹಾಕಿ ತೋರಿಸಿದೆ. ಅವರು ಅದರಂತೆ ಒಂದನ್ನು ಆರಿಸಿ, ತಮ್ಮ ಕೈಯಿಂದಲೇ ಬ್ರೇಕ್ ಸರಿಮಾಡಿಕೊಂಡು ಹದಿನೈದು ದಿನ ಓಡಿಸಿದರು. ಹದಿನಾರನೆಯ ದಿನ ರೈಲ್ವೆ ಗೇಟಿನ ಹತ್ತಿರ, ಊರಿನಿಂದ ಬಂದ ಮೇಷ್ಟ್ರು ಎದುರಾದರು. ತಮ್ಮ ಸೈಕಲ್ಲನ್ನು ಮನೆಗೇ ತಂದುಕೊಡಲು ಬರುತ್ತಿದ್ದಾರೆಂದು ಭಾವಿಸಿ ಕೈ ಹಿಡಿದು ವಂದಿಸಿದರಂತೆ. ನಮ್ಮನೆಯವರು ಸಭ್ಯರು. ಪರವಾಗಿಲ್ಲ ಎಂದು ಹೇಳಿ ಇಳಿದು, ನಡೆದುಕೊಂಡು ಬಂದರು.

ಉಳಿದ ಮೂರನ್ನು ಗುಜರಿಯವನಿಗೆ ಹಾಕಿದೆವು. ನನ್ನ ವ್ಯಾಪಾರದಲ್ಲಿ ಈಗ ಉಳಿದಿರುವುದು ಗಾಳಿ ಹೊಡೆಯುವ ಪಂಪು ಮಾತ್ರ. ಯಾರಾದರೂ ಗಾಳಿ ತುಂಬಿಸಿಕೊಳ್ಳಲು ಬಂದರೆ ಪಂಪನ್ನು ನಾನೇ ಬೀದಿಗೆ ಒಯ್ಯುತ್ತೇನೆ. ಸೈಕಲ್ಲು ಗೇಟಿನೊಳಗೆ ಬರಕೂಡದು. ಗಾಳಿ ಹೊಡೆಯುವಷ್ಟು ಹೊತ್ತೂ ಯಜಮಾನನು ಹ್ಯಾಂಡಲ್ ಬಿಡದೆ ಹಿಡಿದು ನಿಂತಿರಬೇಕೆಂಬುದು ನಮ್ಮಲ್ಲಿ ಕಡ್ಡಾಯ.