ಬಾಗಿಲಿಗೆ ಅಡ್ಡ ನಿಂತ ಬಾಪ್ಪು

ನಮ್ಮ ಬಾಪ್ಪುವಿಗೆ ಆರು ಭಾಷೆ ಬರುತ್ತದೆ. ಆದರೆ ಒಂದರಲ್ಲೂ ಒಂದು ವಾಕ್ಯ ಮುಗಿಸಲು ಬರುವುದಿಲ್ಲ! ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಬೇಕಾದರೆ ನೈರೋಬಿಯ ಸೌತ್ ಸಿ ಬಡಾವಣೆಗೆ ಬಂದು ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ. ಬಾಪ್ಪು ಎಂದರೆ ನನ್ನ ಅಪ್ಪನ ತಮ್ಮ. ಮಂಗಳೂರಿನ ಕೊಂಕಣಿ ಕ್ರೈಸ್ತರಾದ ನಾವು ಚಿಕ್ಕಪ್ಪನನ್ನು ಹಾಗೆ ಕರೆಯುತ್ತೇವೆ. ಇಲ್ಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಾನು ಅಪ್ಪರ್ ಹಿಲ್‌ನ ಆಫೀಸಿಗೆ ಹೊರಡುವ ಹೊತ್ತಿಗೆ ಗೇಟಿನ ಬಳಿ ನಿಂತು ಕೂಗುತ್ತಾರೆ: "ಮಟಾಟು ಬತ್ತ್‌ಂಡ್, ಹರಾಕ ಯೋ, ಲೇಟ್ ಆಯ್ತು!" ಬಾಡಿಗೆ ವ್ಯಾನು ಬಂದದ್ದು ತುಳುವಿನಲ್ಲಿ, ಅವಸರ ಮಾಡಿದ್ದು ಸ್ವಾಹಿಲಿಯಲ್ಲಿ, ಕರೆದದ್ದು ಕೊಂಕಣಿಯಲ್ಲಿ, ತಡ ಇಂಗ್ಲಿಷಿನದು, ಕೊನೆಗೆ ಆದದ್ದು ಮಾತ್ರ ಕನ್ನಡದಲ್ಲಿ! ಹಿಂದಿಯನ್ನು ಬೈಯುವುದಕ್ಕೆ ಎತ್ತಿಟ್ಟಿದ್ದಾರೆ.

ಇಂಥವರಿಗೆ ಒಬ್ಬಳೇ ಮಗಳು, ಲವೀನಾ. ಅವಳ ಅಮ್ಮ ಮೈಸೂರಿನವರು. ಅವಳು ಚಿಕ್ಕವಳಿರುವಾಗಲೇ ತೀರಿಕೊಂಡರು. ಜಡೆ ಹೆಣೆಯುವುದರಿಂದ ಹಿಡಿದು ಜ್ವರ ಬಂದಾಗ ಗಂಜಿ ಕುಡಿಸುವವರೆಗೆ ಎಲ್ಲ ಬಾಪ್ಪುವೇ. ನೈರೋಬಿಯಲ್ಲಿ ಬೆಳೆದ ನಮ್ಮವರ ಮಕ್ಕಳೆಲ್ಲರ ಹಾಗೆ ಅವಳಿಗೂ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಆ ಹುಡುಗಿ ತನ್ನ ಜೊತೆ ಕೆಲಸ ಮಾಡುವ ಜಕಾರ್ತದ ಹುಡುಗ ಮಾರ್ಕುಸ್‌ನನ್ನು ಮೆಚ್ಚಿದಳು. ಅವನ ಮನೆಯವರೂ ಚರ್ಚಿಗೆ ಹೋಗುವವರೇ. ಮದುವೆ ಇಲ್ಲಿ, ಸಂಸಾರ ಅಲ್ಲಿ. ಬಾಪ್ಪು ಬೇಡ ಎನ್ನಲಿಲ್ಲ. ಆದರೆ ಒಂದು ಚಿಂತೆ ಹಿಡಿದುಕೊಂಡಿತು.

"ಆ ಮನೆಯವರಿಗೆ ನನ್ನ ಮಗಳ ವಿಷಯ ನಾಲ್ಕು ಮಾತು ಹೇಳ್ಬೇಕಲ್ಲ ಮಾರಾಯ್ತಿ, ಎಂತದರಲ್ಲಿ ಹೇಳುದು?"

"ಡ್ಯಾಡ್! ಮಾರ್ಕುಸ್ ಸ್ಪೀಕ್ಸ್ ಇಂಗ್ಲಿಷ್!" ಎಂದಳು ಲವೀನಾ.

"ಅವನಿಗೆ ಬರ್ತದೆ. ಅವನ ಅಜ್ಜನಿಗೆ ಬರುದಿಲ್ಲ. ಆ ಮನೆಯಲ್ಲಿ ಯಾರ ಮಾತು ನಡಿತದೆ ಹೇಳು!"

ಅಜ್ಜನ ಮಾತು ಬೆತಾವಿ. ಜಕಾರ್ತದ ಹಳೆಯ ಕೇರಿಗಳ ಭಾಷೆ. ಬಾಪ್ಪು ಬಿಡುತ್ತಾರೆಯೇ? ಆ ಅಜ್ಜನಿಗೇ ವಿಡಿಯೋ ಕಾಲ್ ಹಚ್ಚಿ, ಅವರನ್ನೇ ಗುರುವಾಗಿ ಮಾಡಿಕೊಂಡರು. ಗುರುವಿಗೆ ಶಿಷ್ಯನ ಭಾಷೆ ಗೊತ್ತಿಲ್ಲ, ಶಿಷ್ಯನಿಗೆ ಗುರುವಿನದು ಗೊತ್ತಿಲ್ಲ! ಆದರೂ ಇಬ್ಬರೂ ಗಂಟೆಗಟ್ಟಲೆ ನಗುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಒಬ್ಬರು ಚಮಚ ಎತ್ತಿ ತೋರಿಸುವುದು, ಇನ್ನೊಬ್ಬರು ಹೆಸರು ಹೇಳುವುದು. ಹೀಗೆ ಇಡೀ ಮನೆಯ ಸಾಮಾನು ಕ್ಯಾಮೆರಾದ ಮುಂದೆ ಮೆರವಣಿಗೆ ಹೋಯಿತು.

ಒಂದು ಭಾನುವಾರ ನಾನು ದೋಸೆ ಹುಯ್ಯುತ್ತಿದ್ದೆ. ಬಾಪ್ಪು ಏದುಸಿರು ಬಿಡುತ್ತಾ ಬಂದರು.

"ಇದು ನಮ್ಮದೇ ಭಾಷೆ ಮಾರಾಯ್ತಿ!"

"ನಮ್ಮದು ಅಂದ್ರೆ ಯಾವುದು ಬಾಪ್ಪು? ಕೊಂಕಣಿಯಾ, ತುಳುವಾ?"

"ಅದೇ ಹೇಳುದು ನಾನು! ಎಲ್ಲ ಉಂಟು ಅದರಲ್ಲಿ!"

ದೋಸೆ ಸೀದುಹೋಗುವವರೆಗೆ ಪಾಠ ಮಾಡಿದರು. ಬುಡ ಮಲಯ ಭಾಷೆಯದಂತೆ. ನಾನು, ನೀನು ಎನ್ನಲು 'ಗುವೆ', 'ಲು'. ಅವು ಚೀನೀ ವ್ಯಾಪಾರಿಗಳಿಂದ ಬಂದವು. ಅರಬ್ಬಿಯಿಂದ ಬಂದ ಬೇರೆ ನಾನು, ನೀನೂ ಉಂಟು. ಅಜ್ಜನನ್ನು ಕರೆಯುವ 'ಎಂಗ್ಕೊಂಗ್' ಚೀನಾದ್ದು, ಆಫೀಸಿನ ಹೆಸರು ಡಚ್ಚರದ್ದು, ರೊಟ್ಟಿ ನಮ್ಮ ಕಡೆಯದು. ಇನ್ನು ಮೇಜು! ನಮ್ಮ ಮೇಜು, ನೈರೋಬಿಯ ಮೆಜಾ, ಅಲ್ಲಿಯ ಮೆಜಾ, ಎಲ್ಲಕ್ಕೂ ಪೋರ್ಚುಗೀಸರ ನಂಟು. "ಒಂದೇ ಮೇಜಿನಲ್ಲಿ ಮೂರು ಊರು ಊಟಕ್ಕೆ ಕೂತಿದೆ ನೋಡು," ಎಂದರು ಬಾಪ್ಪು.

ಅವರು ಹೋದ ಮೇಲೆ ನಾನು ಯೋಚಿಸುತ್ತಾ ಕೂತೆ. ಡಚ್ಚರ ಕಾಲದ ಜಕಾರ್ತಕ್ಕೆ, ಆ ಬಂದರು ಪಟ್ಟಣಕ್ಕೆ, ಜನ ಸುಮ್ಮನೆ ಬಂದವರಲ್ಲವಂತೆ. ಬಾಲಿಯಿಂದ, ಮಕಾಸ್ಸರಿನಿಂದ, ಹಿಂದೂಸ್ತಾನದ ಕರಾವಳಿಯಿಂದಲೂ ಗುಲಾಮರಾಗಿ ತಂದವರಿದ್ದರು, ಹೊಟ್ಟೆಪಾಡಿಗೆ ಬಂದವರಿದ್ದರು. ಅವರ ಮನೆಮಾತುಗಳು ಹಡಗಿನಲ್ಲೋ ಬೀದಿಯಲ್ಲೋ ಅರ್ಧಂಬರ್ಧ ಉಳಿದಿರಬೇಕು. ಉಳಿದ ಚೂರುಗಳನ್ನೇ ಸೇರಿಸಿಕೊಂಡು ಅವರು ಮೀನು ಮಾರಿದರು, ಜಗಳವಾಡಿದರು, ಮಗುವನ್ನು ಮಲಗಿಸಿದರು. ಪಂಡಿತರು ಕೂತು ಮಾಡಿದ ಭಾಷೆಯಲ್ಲ ಅದು. ನಮ್ಮ ಮಟಾಟುಗಳಲ್ಲಿ ಹುಡುಗರು ಆಡುವ ಮಾತೂ ಹೀಗೆಯೇ ಹುಟ್ಟುತ್ತಿದೆಯಲ್ಲ! ಕಲಬೆರಕೆ ಎಂದರೆ ಹಾಲಿಗೆ ಬೈಗುಳ, ಒಪ್ಪುತ್ತೇನೆ. ಮಾತಿಗೂ ಅದೇ ಬೈಗುಳ ಯಾಕೆ? ಬಾಪ್ಪುವಿನ ವಾಕ್ಯಗಳಲ್ಲಿ ಅವರು ಬದುಕಿದ ಊರುಗಳೆಲ್ಲ ಇವೆ ಎಂದು ನನಗೆ ಮೊದಲ ಸಲ ಅನಿಸಿತು.

ಹಾಗೆಂದು ಬಾಪ್ಪು ಸುಧಾರಿಸಿದರು ಎಂದುಕೊಂಡಿರಾ? ಎಲ್ಲಿ ಬಂತು! ಬೆತಾವಿ ಮದುವೆಯಲ್ಲಿ ಗಂಡಿನ ಕಡೆಯವರು ಮೊಸಳೆಯ ಆಕಾರದ ಜೋಡಿ ಬ್ರೆಡ್ಡು ತರುತ್ತಾರೆ. ಮೊಸಳೆ ಒಂದೇ ಸಂಗಾತಿಯ ಜೊತೆ ಬಾಳುತ್ತದೆ ಎಂಬುದು ಅವರ ನಂಬಿಕೆ. ಜಕಾರ್ತದಿಂದ ಅಷ್ಟುದ್ದದ ಬ್ರೆಡ್ಡನ್ನು ವಿಮಾನದಲ್ಲಿ ತರುವುದು ಹೇಗೆ? "ನಾನು ಮಾಡಿಸ್ತೇನೆ!" ಎಂದು ಬಾಪ್ಪು ಇಲ್ಲಿಯ ನ್ಗಾರಾ ಪೇಟೆಯ ಬೇಕರಿಗೆ ಓಡಿದರು. ಗಂಡಿನವರು ತರಬೇಕಾದ ಉಡುಗೊರೆಯನ್ನು ಹೆಣ್ಣಿನ ತಂದೆಯೇ ಮಾಡಿಸುವುದನ್ನು ಎಲ್ಲಾದರೂ ಕೇಳಿದ್ದೀರಾ? ಬೇಕರಿಯವನು ಯಾವ ಮಗುವಿನ ಬರ್ತ್‌ಡೇ ಎಂದು ಕೇಳಿದನಂತೆ. ಬ್ರೆಡ್ಡು ಬಂತು. ಒಂದು ಉಡದ ಹಾಗಿತ್ತು, ಇನ್ನೊಂದು ಒಣಗಿದ ಬಂಗುಡೆಯ ಹಾಗೆ.

"ಬಾಪ್ಪು, ಇವೆರಡೂ ಒಂದೇ ಜಾತಿಯವಲ್ಲ!"

"ಇರ್ಲಿ ಬಿಡು. ನಮ್ಮ ಹುಡುಗ ಹುಡುಗಿಯದೂ ಒಂದೇ ಜಾತಿ ಅಲ್ಲವಲ್ಲ!"

ಅವರಲ್ಲಿ ಇನ್ನೊಂದು ಪದ್ಧತಿ. ಮದುವೆಯ ದಿನ ದಿಬ್ಬಣ ಬಂದಾಗ ಹೆಣ್ಣಿನ ಕಡೆಯ ಒಬ್ಬ ಜಟ್ಟಿ ಬಾಗಿಲಿಗೆ ಅಡ್ಡ ನಿಂತು ಪ್ರಾಸಬದ್ಧ ಪದ್ಯದಲ್ಲಿ ಸವಾಲು ಹಾಕುತ್ತಾನೆ. ಗಂಡಿನ ಕಡೆಯವನು ಪದ್ಯದಲ್ಲೇ ಉತ್ತರಿಸಬೇಕು. ಆಮೇಲೆ ಸುಳ್ಳುಸುಳ್ಳೇ ಕುಸ್ತಿ. ಹೆಣ್ಣಿನ ಕಡೆಯ ಜಟ್ಟಿ ಸೋತು ದಾರಿ ಬಿಡಬೇಕೆಂಬುದು ಮೊದಲೇ ಗೊತ್ತು. ನೈರೋಬಿಯಲ್ಲಿ ಬೆತಾವಿ ಪದ್ಯ ಹೇಳುವ ಜಟ್ಟಿಯನ್ನು ಎಲ್ಲಿಂದ ತರೋಣ? ಮೊಣಕಾಲು ನೋವಿನ ಬಾಪ್ಪುವೇ ನಿಂತರು!

ಚರ್ಚಿನಿಂದ ಬಂದ ಮೇಲೆ ಲವೀನಾಳನ್ನು ಒಳಗೆ ಕೂರಿಸಿದೆವು. ಹೊರಗೆ ದಿಬ್ಬಣ ನಿಂತಿತು. ಕೋಟಿನ ಮೇಲೆ ಸೊಂಟಕ್ಕೆ ಶಾಲು ಬಿಗಿದ ಬಾಪ್ಪು ಬೆತಾವಿಯಲ್ಲಿ ಗುಡುಗಿದರು. ಅರ್ಥ ಹೆಚ್ಚುಕಡಿಮೆ ಹೀಗೆ:

"ಸಂತೆಯಲಿ ತಂದೆ ಮಾವಿನ ಹಣ್ಣು, ಬುಟ್ಟಿಗೆ ಮೆತ್ತಿದೆ ಹಾದಿಯ ಮಣ್ಣು, ಎಲ್ಲಿಂದ ಬಂದೆ ನೀನಪ್ಪಾ, ನನ್ನ ಬಾಗಿಲ ಮೇಲೇಕೆ ಕಣ್ಣು?"

ಜಕಾರ್ತದಿಂದ ಬಂದಿದ್ದ ಮಾರ್ಕುಸ್‌ನ ಅಜ್ಜ, ನಮ್ಮ ಎಂಗ್ಕೊಂಗ್, ತೊಡೆ ತಟ್ಟಿ ನಕ್ಕರು. ಮಾರ್ಕುಸ್‌ನ ಜೊತೆಗಾರ ಉತ್ತರ ಕೊಟ್ಟ. ಬಾಪ್ಪು ಮತ್ತೊಂದು ಎಸೆದರು, ಮಗದೊಂದು ಎಸೆದರು. ಕುಸ್ತಿಯಲ್ಲಿ ಎರಡು ಸಲ ಕೈ ಬೀಸಿ ಸೊಂಟ ಹಿಡಿದುಕೊಂಡರು. ಇನ್ನು ಸೋತೆನೆಂದು ಹೇಳುವ ಪದ್ಯ ಬರಬೇಕು. ಎಲ್ಲರೂ ಕಾದರು. ಬರಲಿಲ್ಲ. ತಡೆಯುವ ಪದ್ಯಗಳನ್ನೆಲ್ಲ ಬಾಯಿಪಾಠ ಮಾಡಿದ್ದ ಬಾಪ್ಪು ಬಿಡುವ ಪದ್ಯವನ್ನು ಕಲಿತೇ ಇರಲಿಲ್ಲ! ಮರೆತರೋ, ಕಲಿಯಲು ಮನಸ್ಸೇ ಬರಲಿಲ್ಲವೋ, ದೇವರಿಗೇ ಗೊತ್ತು. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತೇ ಇದ್ದರು.

ಆಮೇಲೆ ಮೆಲ್ಲಗೆ ಮಾತಾಡಿದರು. ಅಷ್ಟೂ ಕನ್ನಡದಲ್ಲಿ.

"ನೋಡಪ್ಪಾ, ಇವಳಿಗೆ ಅಮ್ಮ ಇಲ್ಲ. ಬೇಸರವಾದರೆ ಇವಳು ಹೇಳುವುದಿಲ್ಲ, ಸುಮ್ಮನೆ ಒಂದು ಕಡೆ ಕೂತುಬಿಡುತ್ತಾಳೆ. ಆಗ ನೀನು ಹೋಗಿ ಪಕ್ಕದಲ್ಲಿ ಕೂತುಕೋ. ಏನೂ ಕೇಳಬೇಡ."

ಅದೂ ಪದ್ಯವೇ ಇರಬೇಕೆಂದು ಗಂಡಿನ ಕಡೆಯ ಇಬ್ಬರು ಚಪ್ಪಾಳೆ ತಟ್ಟಿ, ತಕ್ಷಣ ನಿಲ್ಲಿಸಿದರು. ಆಗ ಎಂಗ್ಕೊಂಗ್ ದಿಬ್ಬಣ ಬಿಟ್ಟು ಮೆಟ್ಟಿಲು ಹತ್ತಿ ಬಂದರು. ಬಾಪ್ಪುವಿನ ಪಕ್ಕದಲ್ಲಿ, ತಾವೂ ಬಾಗಿಲಿಗೆ ಅಡ್ಡವಾಗಿ, ನಮ್ಮ ಕಡೆಯವರಾಗಿ ನಿಂತರು! ಮೊಮ್ಮಗನ ಕಡೆ ತಿರುಗಿ ಗದರಿದರು: "ದೆಂಗೆರ್ ಲು?" ಕೇಳಿಸಿತೇನೋ ನಿನಗೆ, ಎಂದು.

ಅಜ್ಜನಿಗೂ ಒಂದಕ್ಷರ ಅರ್ಥವಾಗಿರಲಿಲ್ಲ, ಮೊಮ್ಮಗನಿಗೂ ಆಗಿರಲಿಲ್ಲ. ಆದರೂ ಮಾರ್ಕುಸ್ ತಲೆ ತಗ್ಗಿಸಿ ಹೂಂ ಎಂದ. ಬಾಪ್ಪು ಕೈ ತೆಗೆದು ಪಕ್ಕಕ್ಕೆ ಸರಿದರು.

ಒಳಗೆ ಲವೀನಾ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಫೋಟೋದವರು ಕರೆಯುತ್ತಿದ್ದರು. ಆ ಹುಡುಗ ಯಾರ ಕಡೆಯೂ ನೋಡದೆ ಸೀದಾ ಹೋಗಿ ಅವಳ ಪಕ್ಕದಲ್ಲಿ ಕೂತ. ಏನೂ ಕೇಳಲಿಲ್ಲ.